ಊರಿನ ಫುಟ್‌ಬಾಲ್ ಪಂದ್ಯಾವಳಿ: ಬಹುಮಾನ ಸಮವಾಗಿಸುವುದು ಹೇಗೆ?

ಕಾಫಿ ಕೊಯ್ಲು ಮುಗಿದರೆ ಕೊಡಗಿನ ಮೈದಾನಗಳಲ್ಲಿ ಪಂದ್ಯಾವಳಿಗಳ ಕಾಲ. ಈ ಬೇಸಿಗೆಯಲ್ಲಿ ಮಹಿಳಾ ವಿಭಾಗವನ್ನೂ ಸೇರಿಸುವ ಯೋಚನೆ ನಿಮ್ಮ ಯುವಕ ಸಂಘಕ್ಕಿದ್ದರೆ, ಬಹುಮಾನದ ಮೊತ್ತವನ್ನು ಮೊದಲ ಸಭೆಯಲ್ಲೇ ನಿರ್ಧರಿಸಿ. ಎಲ್ಲ ಖರ್ಚು ಕಳೆದು ಉಳಿದದ್ದರಲ್ಲಿ ಹೆಣ್ಣುಮಕ್ಕಳಿಗೊಂದು ಕಪ್ ಕೊಡುವುದು ಅವಮಾನ.

ಮೊದಲು, ಹಣವೆಲ್ಲ ಒಂದೇ ಖಾತೆಗೆ ಬರಲಿ. ತೋಟದ ಮಾಲೀಕರು, ಅಂಗಡಿಯವರು ಕೊಡುವ ದೇಣಿಗೆಯನ್ನು ‘ಪುರುಷರ ಪಂದ್ಯಕ್ಕೆ’ ಎಂದು ರಸೀದಿಯಲ್ಲಿ ಬರೆಯಬೇಡಿ. ಅಮೆರಿಕದವರು ಮಾಡಿದ್ದೂ ಇದನ್ನೇ. ಫುಟ್‌ಬಾಲಿನ ವಿಶ್ವ ಸಂಸ್ಥೆ ಫಿಫಾ 2022ರ ಪುರುಷರ ವಿಶ್ವಕಪ್ಪಿಗೆ 44 ಕೋಟಿ ಡಾಲರ್ ಬಹುಮಾನ ಇಟ್ಟಿತು, 2023ರ ಮಹಿಳೆಯರದಕ್ಕೆ 11 ಕೋಟಿ. ಫಿಫಾದ ಲೆಕ್ಕ ಬದಲಾಗುವವರೆಗೆ ಕಾಯದೆ, ತನ್ನ ಪುರುಷರ ಮತ್ತು ಮಹಿಳೆಯರ ತಂಡಗಳ ವಿಶ್ವಕಪ್ ಗಳಿಕೆಯನ್ನು ಒಟ್ಟುಗೂಡಿಸಿ ಸಮನಾಗಿ ಹಂಚಲು ಅಮೆರಿಕದ ಫುಟ್‌ಬಾಲ್ ಸಂಸ್ಥೆ 2022ರಲ್ಲಿ ಒಪ್ಪಿತು. ಆಟಗಾರ್ತಿಯರು 2019ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರಿಂದ ಅದು ಸಾಧ್ಯವಾಯಿತು.

ನಂತರ ಹಂಚಿಕೆ. ಬಹುಮಾನಕ್ಕೆಂದೇ ಒಂದು ಲಕ್ಷ ಇದ್ದರೆ ಎರಡೂ ವಿಭಾಗದ ವಿಜೇತರಿಗೆ ತಲಾ 30,000, ಎರಡನೇ ಸ್ಥಾನಕ್ಕೆ ತಲಾ 20,000. ‘ಗಂಡಸರದ್ದು ಹದಿನಾರು ತಂಡ, ಇವರದ್ದು ಆರೇ’ ಎಂದು ಯಾರಾದರೂ ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. ರೆಫರಿ, ಊಟ, ಮೈದಾನದ ಖರ್ಚು ಪಂದ್ಯಗಳ ಸಂಖ್ಯೆಗೆ ತಕ್ಕಂತೆ ಹೆಚ್ಚು ಕಡಿಮೆಯಾಗಲಿ. ಗೆಲುವಿನ ಬೆಲೆ ಮಾತ್ರ ಒಂದೇ ಇರಲಿ.

‘ಹೆಂಗಸರ ಆಟಕ್ಕೆ ಜನ ಬರುವುದಿಲ್ಲ’ ಎಂಬುದು ಹಳೆಯ ತಕರಾರು, ಇದಕ್ಕೆ ಸರಿಯಾಗಿ ಉತ್ತರಿಸಬೇಕು. 1920ರ ಡಿಸೆಂಬರಿನಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಮಹಿಳೆಯರ ಪಂದ್ಯ ನೋಡಲು ಸುಮಾರು 53,000 ಮಂದಿ ನೆರೆದಿದ್ದರು. ಮರುವರ್ಷವೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ತನ್ನ ಕ್ಲಬ್‌ಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಸುಮಾರು ಅರ್ಧ ಶತಮಾನ ಆ ನಿಷೇಧ ಉಳಿಯಿತು. ಮೈದಾನ ಕಿತ್ತುಕೊಂಡು ಪ್ರೇಕ್ಷಕರೆಲ್ಲಿ ಎಂದು ಕೇಳುವುದು ಯಾವ ನ್ಯಾಯ? ನಮ್ಮಲ್ಲೂ ಮಹಿಳಾ ಫೈನಲ್ಲನ್ನು ಬಿಡುವಿಲ್ಲದ ದಿನದ ಬೆಳಿಗ್ಗೆಗೆ ತಳ್ಳಿದರೆ ನೋಡುವವರು ಯಾರು? ಭಾನುವಾರ ಮಧ್ಯಾಹ್ನ, ಪುರುಷರ ಫೈನಲ್ಲಿಗೆ ಸ್ವಲ್ಪ ಮುಂಚೆ, ಅದೇ ಮೈದಾನದಲ್ಲಿ ಆಡಿಸಿ. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಆರಂಭವಾದ, ಒಂದೊಂದು ಮನೆತನ ಒಂದೊಂದು ತಂಡವಾಗಿ ಆಡುವ ಕೊಡವ ಕೌಟುಂಬಿಕ ಹಾಕಿಯಲ್ಲಿ ಮನೆಯ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಸ್ಟಿಕ್ ಹಿಡಿದು ಆಡಿದ್ದಾರೆ. ಅವರ ಆಟವನ್ನು ನೋಡುವ ಕಣ್ಣು ಈ ಜಿಲ್ಲೆಗಿದೆ.

ಕರಪತ್ರದಲ್ಲಿ ಎರಡೂ ಮೊತ್ತ ಒಂದೇ ಗಾತ್ರದ ಅಕ್ಷರದಲ್ಲಿರಲಿ. ಬಟ್ಟೆ ಬದಲಿಸಲು ಕೋಣೆ, ಶುಚಿಯಾದ ಶೌಚಾಲಯ ಬೇಕೇ ಬೇಕು. ದೂರದ ಊರಿನ ಆಟಗಾರ್ತಿಯರಿಗೆ ಕೊನೆಯ ಬಸ್ಸು ತಪ್ಪದಂತೆ ವೇಳಾಪಟ್ಟಿ ಮಾಡಿ. ತಡವಾದರೆ ಜೀಪಿನ ಬಾಡಿಗೆಯನ್ನು ಸಂಘವೇ ಕೊಡಲಿ.