ಮಾನಿಟರ್ ಆಫ್ ಮಾಡಿ, ಬಿಲ್ ಬರೆದು ನೋಡಿ

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ ಒಂದು ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟಿದ್ದೀರಿ ಎಂದುಕೊಳ್ಳಿ. ರೈತನ ಹೆಸರು, ಚೀಲ, ತೂಕ, ದರ, ಹಮಾಲಿ, ಕೊನೆಗೆ ಮೊತ್ತ. ನಾಳೆ ಆ ಅಂಗಡಿಗೆ ಲೆಕ್ಕ ಬರೆಯಲು ಅಂಧ ಗುಮಾಸ್ತರೊಬ್ಬರು ಬಂದರೆ ಅದೇ ತಂತ್ರಾಂಶದಲ್ಲಿ ಕೆಲಸ ಸಾಗಬೇಕು. ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ, ಇದ್ದದ್ದನ್ನು ಸರಿಪಡಿಸಿದರೆ ಸಾಕು.

ಅಂಥವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಅದಕ್ಕೂ ಕಣ್ಣಿಲ್ಲ ಎಂಬುದು ಮೊದಲು ತಿಳಿದಿರಲಿ. ಈಗ ಫೋಕಸ್ (ಒತ್ತಿದ ಕೀಲಿ ತಲುಪುವ ಜಾಗ) ಎಲ್ಲಿದೆ, ಅದು ಬಟನ್ನೋ ಬಾಕ್ಸೋ, ಅದರ ಹೆಸರೇನು, ಒಳಗೆ ಏನು ಬರೆದಿದೆ ಎಂದು ಅದು ವಿಂಡೋಸ್ ಮೂಲಕ ನಿಮ್ಮ ಪ್ರೋಗ್ರಾಂ ಅನ್ನೇ ಕೇಳುತ್ತದೆ. ಸಿಕ್ಕ ಉತ್ತರವನ್ನು ಓದಿ ಹೇಳುತ್ತದೆ. ಉತ್ತರ ಸಿಗದಿದ್ದರೆ ಬರೀ ‘ಬಟನ್’ ಎಂದು ಸುಮ್ಮನಾಗುತ್ತದೆ. ಪರದೆಯ ಮೇಲೆ ನೀವು ಎಷ್ಟು ಚಂದದ ಪ್ರಿಂಟರ್ ಚಿತ್ರ ಕೂರಿಸಿದ್ದರೂ ಅದಕ್ಕೆ ಲೆಕ್ಕವಿಲ್ಲ.

ಮೊದಲು ಕೇಳಿಸಿಕೊಳ್ಳಿ

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತ, ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದಲ್ಲಿ 2006ರಲ್ಲಿ ಶುರುವಾದದ್ದು. ಇನ್‌ಸ್ಟಾಲ್ ಮಾಡಿದ ಮೇಲೆ ಕಂಟ್ರೋಲ್, ಆಲ್ಟ್, ಎನ್ ಒಟ್ಟಿಗೆ ಒತ್ತಿದರೆ ಮಾತನಾಡತೊಡಗುತ್ತದೆ. ಇನ್ಸರ್ಟ್ ಮತ್ತು ಎನ್ ಒತ್ತಿದರೆ ಅದರ ಮೆನು ಬರುತ್ತದೆ. ಅಲ್ಲಿ ಟೂಲ್ಸ್ ಒಳಗಿನ ಸ್ಪೀಚ್ ವ್ಯೂವರ್ ತೆರೆದರೆ ಆಡಿದ ಮಾತೆಲ್ಲ ಅಕ್ಷರದಲ್ಲೂ ಕಾಣುತ್ತದೆ. ಹೊಸಬರ ಕಿವಿಗೆ ಆ ವೇಗ ಬೇಗ ಹಿಡಿಯದು, ಆದ್ದರಿಂದ ಇದು ದೊಡ್ಡ ಅನುಕೂಲ. ನಿಲ್ಲಿಸಲು ಇನ್ಸರ್ಟ್ ಮತ್ತು ಕ್ಯೂ.

ಫಾರ್ಮಿನ ಹೆಸರುಗಳು ಕನ್ನಡದಲ್ಲಿದ್ದರೆ ಧ್ವನಿಯೂ ಕನ್ನಡದ್ದೇ ಬೇಕು. ಇನ್ಸರ್ಟ್, ಕಂಟ್ರೋಲ್, ಎಸ್ ಒತ್ತಿ ಇ-ಸ್ಪೀಕ್ ಎನ್‌ಜಿ ಆರಿಸಿಕೊಳ್ಳಿ. ಅದು ಎನ್‌ವಿಡಿಎ ಜೊತೆಗೇ ಬರುತ್ತದೆ, ಅದರಲ್ಲಿ ಕನ್ನಡ ಧ್ವನಿ ಇದೆ. ದನಿ ಯಂತ್ರದ್ದೇ, ಇಂಪು ಹುಡುಕಬೇಡಿ.

ಇನ್ನು ಮೌಸನ್ನು ಬದಿಗಿಟ್ಟು, ಮಾನಿಟರ್ ಆಫ್ ಮಾಡಿ, ಬರೀ ಟ್ಯಾಬ್ ಒತ್ತುತ್ತ ಒಂದು ಬಿಲ್ ಪೂರ್ತಿ ಮಾಡಿ. ಎಲ್ಲಿ ಸಿಕ್ಕಿಬಿದ್ದಿರೋ ಅದನ್ನು ಗುರುತು ಹಾಕಿಕೊಳ್ಳಿ. ಆ ಪಟ್ಟಿಯೇ ನಿಮ್ಮ ಕೆಲಸದ ಪಟ್ಟಿ.

ಚೀಲದ ಬಾಕ್ಸಿಗೆ ದರದ ಹೆಸರು

ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಫಾರ್ಮ್ ಕಟ್ಟುವ ಮೈಕ್ರೋಸಾಫ್ಟಿನ ಸಾಧನ) ಸುಲಭವಾಗಿ ಆಗುವ ತಪ್ಪು ಇದು. ಫಾರ್ಮ್ ಮಾಡುವಾಗ ಚೀಲ, ತೂಕ, ದರ ಎಂಬ ಮೂರು ಲೇಬಲ್ಲುಗಳನ್ನು ಮೊದಲು ಸಾಲಾಗಿ ಎಳೆದಿಟ್ಟು, ಆಮೇಲೆ ಮೂರು ಬಾಕ್ಸುಗಳನ್ನು ಇಟ್ಟಿರುತ್ತೀರಿ. ನೋಡಲು ಎಲ್ಲ ಸರಿ. ಆದರೆ ಬಾಕ್ಸಿಗೆ ಬೇರೆ ಹೆಸರು ಕೊಡದಿದ್ದಾಗ, ಟ್ಯಾಬ್ ಇಂಡೆಕ್ಸ್‌ನ (ಟ್ಯಾಬ್ ಒತ್ತಿದಾಗ ಫೋಕಸ್ ಸಾಗುವ) ಕ್ರಮದಲ್ಲಿ ಅದರ ಬೆನ್ನ ಹಿಂದಿರುವ ಲೇಬಲ್ಲೇ ಅದರ ಹೆಸರಾಗುತ್ತದೆ. ಇಲ್ಲಿ ಮೊದಲ ಬಾಕ್ಸಿನ ಹಿಂದಿರುವುದು ಕೊನೆಯ ಲೇಬಲ್. ಹಾಗಾಗಿ ಚೀಲದ ಬಾಕ್ಸ್ ‘ದರ’ ಎಂದು ಹೇಳಿಕೊಳ್ಳುತ್ತದೆ, ಉಳಿದೆರಡಕ್ಕೆ ಹೆಸರೇ ಇರುವುದಿಲ್ಲ. ಗುಮಾಸ್ತರು ಕೇಳಿಸಿದ್ದನ್ನು ನಂಬಿ ಚೀಲದ ಜಾಗದಲ್ಲಿ ದರ ತುಂಬುತ್ತಾರೆ. ಬಿಲ್ ತಪ್ಪಿದರೆ ಬೈಸಿಕೊಳ್ಳುವವರೂ ಅವರೇ.

ವಿಷುವಲ್ ಸ್ಟುಡಿಯೋದಲ್ಲಿ ವ್ಯೂ ಮೆನುವಿನ ಟ್ಯಾಬ್ ಆರ್ಡರ್ ತೆರೆದು, ಲೇಬಲ್, ಬಾಕ್ಸ್, ಲೇಬಲ್, ಬಾಕ್ಸ್ ಎಂದು ಕ್ರಮವಾಗಿ ಕ್ಲಿಕ್ ಮಾಡುತ್ತ ಹೋಗಿ. ಹತ್ತು ನಿಮಿಷದ ಕೆಲಸ. ಆಮೇಲೆ ಸೇರಿಸಿದ ಮೊಬೈಲ್ ನಂಬರಿನಂಥ ಬಾಕ್ಸ್ ಸಾಲಿನ ತುದಿಗೆ ಹೋಗಿ ಕೂತಿರುತ್ತದೆ, ಅದನ್ನೂ ಜಾಗಕ್ಕೆ ತನ್ನಿ. ಲೇಬಲ್ ಇಲ್ಲದ ಬಾಕ್ಸಿಗೆ, ಬರೀ ಚಿತ್ರವಿರುವ ಬಟನ್ನಿಗೆ ಆ್ಯಕ್ಸೆಸಿಬಲ್‌ನೇಮ್ ಎಂಬ ಪ್ರಾಪರ್ಟಿಯಲ್ಲಿ ಹೆಸರು ಬರೆಯಿರಿ. ಹೆಸರು ‘ಉಳಿಸು’ ಎಂದಷ್ಟೇ ಇರಲಿ. ‘ಉಳಿಸು ಬಟನ್’ ಎಂದು ಬರೆದರೆ ‘ಉಳಿಸು ಬಟನ್ ಬಟನ್’ ಎಂದು ದಿನವಿಡೀ ಕೇಳಬೇಕಾಗುತ್ತದೆ.

ಫಾರ್ಮ್ ಕಟ್ಟುವ ಬೇರೆ ಸಾಧನಗಳೂ ಇವೆ: ಡಬ್ಲ್ಯುಪಿಎಫ್‌ನಲ್ಲಿ ಇದೇ ಕೆಲಸಕ್ಕೆ ಆಟೊಮೇಷನ್ ಪ್ರಾಪರ್ಟೀಸ್‌ನ ನೇಮ್ ಮತ್ತು ಲೇಬಲ್ಡ್‌ಬೈ, ಕ್ಯೂಟ್‌ನಲ್ಲಿ ಸೆಟ್‌ಬಡಿ, ಜಾವಾ ಸ್ವಿಂಗ್‌ನಲ್ಲಿ ಸೆಟ್‌ಲೇಬಲ್‌ಫಾರ್ ಇವೆ. ಸ್ವಿಂಗ್ ಆದರೆ ಆ ಕಂಪ್ಯೂಟರಿನಲ್ಲಿ ಜಾವಾ ಆ್ಯಕ್ಸೆಸ್ ಬ್ರಿಜ್ (ಜಾವಾ ಪ್ರೋಗ್ರಾಮಿನ ಉತ್ತರವನ್ನು ಸ್ಕ್ರೀನ್ ರೀಡರಿಗೆ ತಲುಪಿಸುವ ಕೊಂಡಿ) ಚಾಲೂ ಇರಬೇಕು.

ಬಟನ್ನಿನಂತೆ ಕಾಣುವ ಚಿತ್ರ

ಪಿಕ್ಚರ್ ಬಾಕ್ಸಿಗೆ ಕ್ಲಿಕ್ ಕೋಡ್ ಅಂಟಿಸಿ ಬಟನ್ ಎಂದು ನಡೆಸುವ ಚಾಳಿ ಬಹಳ ಇದೆ. ಅದಕ್ಕೆ ಟ್ಯಾಬ್ ಹೋಗುವುದೇ ಇಲ್ಲ. ಹೆಸರು, ರೋಲ್ (ಇದು ಬಟನ್ ಎಂಬ ಗುರುತು) ಏನು ಬರೆದರೂ ಕೀಬೋರ್ಡಿನವರಿಗೆ ಅದು ಸಿಗದು. ತೆಗೆದುಹಾಕಿ, ನಿಜವಾದ ಬಟನ್ ಇಟ್ಟು ಅದರ ಮೇಲೆ ಅದೇ ಚಿತ್ರ ಕೂರಿಸಿ. ಬಾಕಿ ಇರುವ ಸಾಲನ್ನು ಬರೀ ಕೆಂಪು ಬಣ್ಣದಿಂದ ತೋರಿಸಿದ್ದರೆ ‘ಬಾಕಿ’ ಎಂಬ ಒಂದು ಕಾಲಂ ಸೇರಿಸಿ.

ಶಾರ್ಟ್‌ಕಟ್ ಕೊಡುವಾಗ ಒಂದು ಎಚ್ಚರ. ‘ತೂಕ’ದ ‘ತ’ ಅಕ್ಷರವನ್ನೇ ಆಲ್ಟ್ ಜೊತೆಗಿನ ಕೀಲಿಯಾಗಿಸಿದರೆ ಇಂಗ್ಲಿಷ್ ಕೀಬೋರ್ಡ್ ಇದ್ದಾಗ ಅದು ಕೆಲಸ ಮಾಡದು. ಲೇಬಲ್ಲಿನ ಕೊನೆಗೆ ಆವರಣದಲ್ಲಿ ಇಂಗ್ಲಿಷಿನ ಟಿ ಅಕ್ಷರ ಹಾಕಿ, ಆ ಟಿಗೆ ಮೊದಲು ಆ್ಯಂಪರ್‌ಸ್ಯಾಂಡ್ (&) ಇಡಿ. ಒಮ್ಮೆ ಕೊಟ್ಟ ಕೀಲಿಗಳನ್ನು ಮುಂದಿನ ಆವೃತ್ತಿಯಲ್ಲಿ ಬದಲಿಸಬೇಡಿ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಹಾರ್ಮೋನಿಯಂ ಕಲಿತು ಬಂದ ಸೀಮೆ ಇದು. ಕೀಲಿಗಳು ಜಾಗದಲ್ಲೇ ಇದ್ದರೆ ಬೆರಳು ತಾನೇ ಹುಡುಕಿಕೊಳ್ಳುತ್ತದೆ.

ಯಾವಾಗ ಹೇಳಬೇಕು, ಎಷ್ಟು ಹೇಳಬೇಕು

ಪರದೆಯ ಕೆಳತುದಿಯ ಸ್ಟೇಟಸ್ ಬಾರಿನಲ್ಲಿ ಸದ್ದಿಲ್ಲದೆ ಬರುವ ‘ಬಿಲ್ ಉಳಿಸಲಾಗಿದೆ’ ಎಂಬ ಸಾಲು ಫೋಕಸ್ ಅಲ್ಲಿಗೆ ಹೋಗದ ಕಾರಣ ಕೇಳಿಸುವುದೇ ಇಲ್ಲ. ಗುಮಾಸ್ತರು ಮತ್ತೆ ಉಳಿಸು ಒತ್ತುತ್ತಾರೆ, ಎರಡು ಬಿಲ್ ಬೀಳುತ್ತವೆ. ಡಬ್ಲ್ಯುಪಿಎಫ್‌ನಲ್ಲಿ ಆ ಸಾಲಿಗೆ ಲೈವ್‌ಸೆಟಿಂಗ್ ಅನ್ನು ಪೊಲೈಟ್ ಎಂದಿಟ್ಟು, ಅಕ್ಷರ ಬದಲಾದಾಗ ಲೈವ್ ರೀಜನ್ ಚೇಂಜ್ಡ್ ಈವೆಂಟ್ ಎಬ್ಬಿಸಬೇಕು. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತರೆ ಏನೂ ಕೇಳಿಸದು. ವಿನ್‌ಫಾರ್ಮ್ಸ್‌ನಲ್ಲಿ ಇದೇ ಕೆಲಸಕ್ಕೆ ರೈಸ್ ಆಟೊಮೇಷನ್ ನೋಟಿಫಿಕೇಷನ್ ಎಂಬ ಮೆಥಡ್ ಇದೆ. ತಪ್ಪು ತುಂಬಿದಾಗ ಬರುವ ಮೆಸೇಜ್ ಬಾಕ್ಸ್ ತಾನಾಗಿ ಓದಲ್ಪಡುತ್ತದೆ; ಅದು ಮುಚ್ಚಿದ ಮೇಲೆ ಫೋಕಸ್ ತಪ್ಪಾದ ಬಾಕ್ಸಿಗೇ ಮರಳಲಿ.

ಎಲೆಕ್ಟ್ರಾನಿಕ್ ತಕ್ಕಡಿ ಸೀರಿಯಲ್ ಪೋರ್ಟಿನಿಂದ ತೂಕ ಕಳಿಸುತ್ತಿದ್ದರೆ ಸಮಸ್ಯೆ ತಿರುಗುಮುರುಗಾಗುತ್ತದೆ. ಚೀಲ ಅಲುಗುವಷ್ಟು ಹೊತ್ತೂ 41.2, 41.4, 41.3 ಎಂದು ಅಂಕಿ ಬದಲಾಗುತ್ತದೆ. ಪ್ರತಿಯೊಂದನ್ನೂ ಹೇಳಿಸಿದರೆ ಮಾತಿನ ಮೇಲೆ ಮಾತು ಬಿದ್ದು ಯಾವುದೂ ತಿಳಿಯದು. ಅಂಕಿ ಒಂದೆರಡು ಸೆಕೆಂಡು ಅದೇ ನಿಂತ ಮೇಲೆ ಒಮ್ಮೆ ಹೇಳಿಸಿ. ಮತ್ತೆ ಕೇಳಬೇಕೆಂದಾಗ ಒತ್ತಲು ಎಫ್9ನಂಥ ಒಂದು ಕೀಲಿ ಕೊಡಿ. ಮೊತ್ತವನ್ನೂ ಒಂದೊಂದು ಅಂಕಿ ಒತ್ತಿದಾಗ ಹೇಳಿಸದೆ, ದರದ ಬಾಕ್ಸ್ ಬಿಟ್ಟು ಮುಂದೆ ಹೋದಾಗ ಹೇಳಿಸಿ.

ನುಡಿ ಫಾಂಟಿನ ಹಳೆ ಕಗ್ಗಂಟು

ಹಳೆ ನುಡಿಯ ಆಸ್ಕಿ ಅಕ್ಷರದಲ್ಲಿ ತುಂಬಿದ ರೈತರ ಹೆಸರುಗಳು ಡೇಟಾಬೇಸಿನಲ್ಲಿದ್ದರೆ ಮೇಲಿನದೆಲ್ಲ ವ್ಯರ್ಥ. ಆ ವಿಧಾನದಲ್ಲಿ ‘ಕನ್ನಡ’ ಎಂಬ ಪದ ಒಳಗೆ ಪಿ, ಪೌಂಡ್ ಗುರುತು, ಕ್ಯೂ, ನಡುನಡುವೆ ಕೊಂಬಿನ ಎ (À) ಎಂದು ಕೂತಿರುತ್ತದೆ. ಫಾಂಟ್ ಕಣ್ಣಿಗಷ್ಟೇ ಕನ್ನಡ ತೋರಿಸುತ್ತದೆ, ಸ್ಕ್ರೀನ್ ರೀಡರ್ ಒಳಗಿದ್ದದ್ದನ್ನೇ ಓದುತ್ತದೆ. ಡೇಟಾಬೇಸಿನ ಪ್ರತಿ ತೆಗೆದಿಟ್ಟುಕೊಂಡು ಹೆಸರುಗಳನ್ನು ಯೂನಿಕೋಡಿಗೆ ಬದಲಿಸಿ. ಕಾಲಂ ಎನ್‌ವಾರ್‌ಕ್ಯಾರ್ (ಯೂನಿಕೋಡ್ ಹಿಡಿಯುವ ಬಗೆ) ಇರದಿದ್ದರೆ ಎಸ್‌ಕ್ಯೂಎಲ್ ಸರ್ವರಿನಲ್ಲಿ ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿದಾವು. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನು ಕೈಯಾರೆ ಪರೀಕ್ಷಿಸಿ, ಬದಲಾವಣೆಯಲ್ಲಿ ಕೆಡುವುದು ಹೆಚ್ಚಾಗಿ ಅವೇ.

ಎಲ್ಲ ಆದ ಮೇಲೆ ಮೈಕ್ರೋಸಾಫ್ಟಿನ ಉಚಿತ ಆ್ಯಕ್ಸೆಸಿಬಿಲಿಟಿ ಇನ್‌ಸೈಟ್ಸ್ ಓಡಿಸಿ. ಹೆಸರಿಲ್ಲದ ಬಟನ್ನನ್ನು ಅದು ಹಿಡಿಯುತ್ತದೆ, ಆದರೆ ಚೀಲಕ್ಕೆ ದರದ ಹೆಸರು ಅಂಟಿದ್ದನ್ನು ಹಿಡಿಯದು. ಅದಕ್ಕೆ ದಿನವೂ ಸ್ಕ್ರೀನ್ ರೀಡರ್ ಬಳಸುವವರನ್ನು ಕರೆಸಿ ಐದು ಬಿಲ್ ಮಾಡಿಸಿ, ಅವರ ಸಮಯಕ್ಕೆ ದುಡ್ಡು ಕೊಡಿ. ಅವರು ಬಿಲ್ ಮಾಡುವಾಗ ಸ್ಪೀಚ್ ವ್ಯೂವರಿನಲ್ಲಿ ಬಂದ ಸಾಲುಗಳನ್ನು ಕಾಪಿ ಮಾಡಿ ಕೋಡಿನ ಜೊತೆಗೇ ಒಂದು ಫೈಲಾಗಿ ಇಡಿ. ಮುಂದಿನ ಆವೃತ್ತಿ ಕಳಿಸುವ ಮುನ್ನ ಅದೇ ಬಿಲ್ಲನ್ನು ಮತ್ತೆ ಮಾಡಿ, ಎರಡೂ ಫೈಲನ್ನು ಹೋಲಿಸಿ ನೋಡಿ. ಹೊಸ ಬಾಕ್ಸ್ ಸೇರಿಸಿದಾಗ ತಪ್ಪಿದ ಟ್ಯಾಬ್ ಕ್ರಮ ಅಲ್ಲೇ ಸಿಕ್ಕಿಬೀಳುತ್ತದೆ.