ಕಡಿಮೆ ಕಾಸಿನ ಸಿನಿಮಾ: ಕ್ಯಾಮೆರಾಗಿಂತ ಮೊದಲು ಮೈಕು

ಗೆಳೆಯರೆಲ್ಲ ಸೇರಿ ಐದಾರು ಲಕ್ಷ ಒಟ್ಟು ಮಾಡಿ 90 ನಿಮಿಷದ ಸಿನಿಮಾ ತೆಗೆಯಹೊರಟ ತಂಡಗಳು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ದುಡ್ಡೆಲ್ಲ ಕ್ಯಾಮೆರಾ, ಲೆನ್ಸು, ಡ್ರೋನಿನ ಬಾಡಿಗೆಗೆ ಹೋಗಿರುತ್ತದೆ. ಮಾತು ಮಾತ್ರ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಚಿತ್ರ ಕೊಂಚ ಮಸುಕಾದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ತಿಳಿಯದಿದ್ದರೆ ಎದ್ದು ಹೋಗುತ್ತಾರೆ.

‘ಡಬ್ಬಿಂಗ್‌ನಲ್ಲಿ ಸರಿ ಮಾಡ್ಕೊಳ್ಳೋಣ ಬಿಡಿ’ ಎನ್ನುವವರನ್ನು ಮೊದಲು ಸುಮ್ಮನಿರಿಸಿ. ಡಬ್ಬಿಂಗ್ ಗಾಂಧಿನಗರದ ಹಳೆಯ ರೂಢಿ, ನಿಜ. ಆದರೆ ಅಲ್ಲಿ ಪಳಗಿದ ಕಲಾವಿದರಿರುತ್ತಾರೆ, ಹೆಜ್ಜೆಸಪ್ಪಳದಿಂದ ಹಿಡಿದು ಬಳೆಯ ಸದ್ದಿನವರೆಗೆ ಬೇರೆಯಾಗಿ ಮಾಡಿಕೊಡುವವರೂ ಇರುತ್ತಾರೆ. ನಿಮ್ಮಲ್ಲಿ ನಟಿಸುವವರು ಪಕ್ಕದ ಮನೆಯ ಅಜ್ಜಿ, ಕಾಲೇಜು ರಂಗತಂಡದ ಹುಡುಗರು. ಸೊಪ್ಪು ಬಿಡಿಸುತ್ತ ಸಹಜವಾಗಿ ಆಡಿದ ಮಾತನ್ನು ಮೂರು ತಿಂಗಳ ಮೇಲೆ ಸ್ಟುಡಿಯೊದಲ್ಲಿ ನಿಂತು ತುಟಿಗೆ ಕೂಡಿಸಿ ಹೇಳಿ ಎಂದರೆ ಅಜ್ಜಿ ಪಾಠ ಒಪ್ಪಿಸುತ್ತಾರೆ, ಅಷ್ಟೆ. ಶೂಟಿಂಗ್‌ನಲ್ಲೇ ಧ್ವನಿ ಹಿಡಿಯುವ ಸಿಂಕ್ ಸೌಂಡ್ ಒಂದೇ ದಾರಿ.

ಕಥೆ

ಕೈಲಿರುವುದಕ್ಕೆ ತಕ್ಕಂತೆ ಬರೆಯಿರಿ: ಒಂದು ಮನೆ, ಒಂದು ಬೀದಿ, ನಾಲ್ಕೈದು ಪಾತ್ರ. ರಾತ್ರಿಯ ಹೊರಾಂಗಣ, ಮಳೆ, ಜಾತ್ರೆ, ಓಡುವ ಬಸ್ಸಿನೊಳಗಿನ ಸಂಭಾಷಣೆ, ಈ ನಾಲ್ಕನ್ನೂ ಹೊಡೆದುಹಾಕಿ. ಎತ್ತು, ನಾಯಿ, ಕೋಳಿಗೆ ಪಾತ್ರವಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಶೂಟಿಂಗ್‌ಗೆ ಮೊದಲೇ ಪಡೆಯಬೇಕು. ತೆಗೆದಾದ ಮೇಲೆ ಓಡಾಡಿದರೆ ಸೆನ್ಸಾರ್ ಹೊತ್ತಿಗೆ ಸಿಕ್ಕಿಬೀಳುತ್ತೀರಿ. ಬೀಡಿ, ಸಿಗರೇಟು ಸೇದಿಸಿದರೆ ತಂಬಾಕು ವಿರೋಧಿ ಪ್ರಕಟಣೆಗಳನ್ನು ಚಿತ್ರದ ಆರಂಭದಲ್ಲೂ ಮಧ್ಯದಲ್ಲೂ ಹಾಕಬೇಕಾಗುತ್ತದೆ. ಕಥೆಗೆ ಬೇಡವಾದರೆ ಬೀಡಿ ಬಿಡಿಸಿ.

ಜಾಗ

ಲೊಕೇಶನ್ ನೋಡಲು ಭಾನುವಾರ ಹೋಗಬೇಡಿ. ಯಾವ ವಾರ, ಯಾವ ಹೊತ್ತಿನಲ್ಲಿ ಶೂಟಿಂಗೋ ಅದೇ ಹೊತ್ತಿಗೆ ಹೋಗಿ, ಐದು ನಿಮಿಷ ಕಣ್ಣು ಮುಚ್ಚಿ ನಿಲ್ಲಿ. ಹಿಟ್ಟಿನ ಗಿರಣಿ, ಶಾಲೆಯ ಗಂಟೆ, ದೇವಸ್ಥಾನದ ಮೈಕು, ಬೋರ್‌ವೆಲ್ ಮೋಟಾರು, ಹಿಂದಿನ ಸೈಟಿನಲ್ಲಿ ಟೈಲ್ಸ್ ಕತ್ತರಿಸುವ ಸದ್ದು ಆಗ ಗೊತ್ತಾಗುತ್ತವೆ. ಹಂಚಿನ ಮನೆ ನೋಡಲು ಚೆಂದ, ಆದರೆ ಹೊರಗಿನ ಸದ್ದೆಲ್ಲ ಒಳಗೇ ಇರುತ್ತದೆ. ಆರ್‌ಸಿಸಿ ಮನೆಯಲ್ಲಿ ಹೊರಗಿನ ಗದ್ದಲ ಕಡಿಮೆ, ಒಳಗಿನ ಮಾರ್ದನಿ ಜಾಸ್ತಿ. ಎರಡರಲ್ಲಿ ಆರ್‌ಸಿಸಿಯೇ ವಾಸಿ, ಮಾರ್ದನಿಗೆ ಮದ್ದಿದೆ.

ಕ್ಯಾಮೆರಾ

ಇರುವುದು ಸಾಕು, ಒಳ್ಳೆಯ ಫೋನಾದರೂ ಸರಿ. ಮೂರನ್ನು ಮಾತ್ರ ಲಾಕ್ ಮಾಡಿ: ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 24, ಶಟರ್ (ಒಂದೊಂದು ಚಿತ್ರಕ್ಕೂ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹದ). ನಮ್ಮ ಕರೆಂಟು 50 ಹರ್ಟ್ಸ್, ಶಟರ್ 1/60 ಇಟ್ಟರೆ ಅಗ್ಗದ ಎಲ್‌ಇಡಿ ಬಲ್ಬುಗಳು ಪರದೆ ಮೇಲೆ ಮಿಡಿಯುತ್ತವೆ. ಫೋನಿನ ಜತೆ ಬಂದ ಕ್ಯಾಮೆರಾ ಆ್ಯಪ್‌ನಲ್ಲಿ ಫ್ರೇಮ್ ರೇಟ್ ಹಿಂದೆಮುಂದೆ ಓಲಾಡುತ್ತದೆ, ಆಮೇಲೆ ಧ್ವನಿ ಕೂಡುವುದಿಲ್ಲ; ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತ, ಅದನ್ನು ಬಳಸಿ. ಬೆಳಕಿಗೆ ಕಿಟಕಿ, ಎದುರಿಗೆ ಬಿಳಿ ಥರ್ಮೋಕೋಲ್ ಹಾಳೆ.

ಶಬ್ದ

ಮೊದಲು ಕೋಣೆಯನ್ನು ಸುಮ್ಮನಾಗಿಸಿ. ಫ್ಯಾನ್ ಆರಿಸಿ. ಫ್ರಿಜ್ಜಿನ ಪ್ಲಗ್ ಕಿತ್ತು, ನಿಮ್ಮ ಗಾಡಿಯ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ. ಆಗ ಪ್ಲಗ್ ಹಾಕದೆ ಮನೆಗೆ ಹೊರಡಲಾರಿರಿ, ಮನೆಯವರ ಹಾಲು ಕೆಡುವುದಿಲ್ಲ. ಎಲ್ಲರ ಫೋನೂ ಏರೋಪ್ಲೇನ್ ಮೋಡ್‌ಗೆ. ಟೈಲ್ಸ್ ನೆಲ, ಬರಿಗೋಡೆ ಇದ್ದರೆ ಫ್ರೇಮಿನ ಹೊರಗೆ ಜಮಖಾನ ಹಾಸಿ, ಕ್ಯಾಮೆರಾ ಹಿಂದಿನ ಗೋಡೆಗೆ ಕೌದಿ, ರಗ್ಗು ಇಳಿಬಿಡಿ. ಐದಾರು ದಪ್ಪ ಕೌದಿ ಮಾಡುವ ಕೆಲಸವನ್ನು ಆನ್‌ಲೈನ್‌ನಲ್ಲಿ ಸಿಗುವ ತೆಳು ಸ್ಪಂಜಿನ ಚೌಕಗಳು ಮಾಡುವುದಿಲ್ಲ. ಅವಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಮೈಕು ಬಾಯಿಂದ ಒಂದೂವರೆ, ಹೆಚ್ಚೆಂದರೆ ಎರಡು ಅಡಿ ದೂರದಲ್ಲಿರಬೇಕು. ಇಲ್ಲೇ ಎಲ್ಲರೂ ಕೆಡಿಸುವುದು. ಉದ್ದನೆಯ ಶಾಟ್‌ಗನ್ ಮೈಕನ್ನು ಕ್ಯಾಮೆರಾ ನೆತ್ತಿಗೆ ಸಿಕ್ಕಿಸಿ, ಎಂಟಡಿ ಆಚೆಯ ಮಾತು ಅದು ಎಳೆದುಕೊಳ್ಳುತ್ತದೆ ಎಂದು ನಂಬಿ ಕೂರುತ್ತಾರೆ. ಯಾವ ಮೈಕೂ ದೂರದ ಮಾತನ್ನು ಎಳೆದುಕೊಳ್ಳುವುದಿಲ್ಲ. ಬೂಮ್ ಕೋಲಿಗೆ ಕಟ್ಟಿ, ತಲೆಯ ಮೇಲಿಂದ ಇಳಿಸಿ, ಎದೆಯ ಕಡೆಗೆ ಗುರಿ ಮಾಡಿ. ಬಣ್ಣ ಬಳಿಯುವವರು ಬಳಸುವ ಉದ್ದ ಮಾಡುವ ಕೋಲು ಬೂಮ್‌ಗೆ ಧಾರಾಳವಾಗಿ ಸಾಕು. ಉಳಿದ ದುಡ್ಡಲ್ಲಿ ರಬ್ಬರ್ ತೊಟ್ಟಿಲಿನ ಶಾಕ್‌ಮೌಂಟ್, ಹೊರಗಿನ ಗಾಳಿಗೆ ತುಪ್ಪಳದ ಹೊದಿಕೆ ಕೊಳ್ಳಿ. ಪ್ರತಿ ಶಾಟ್‌ಗೂ ಮೊದಲು ಬೂಮ್ ಹಿಡಿದವರು ಮೈಕನ್ನು ಫ್ರೇಮಿನೊಳಗೆ ಇಳಿಸಬೇಕು, ಕ್ಯಾಮೆರಾದವರು ‘ಮೇಲೆ, ಮೇಲೆ, ಸಾಕು’ ಎನ್ನಬೇಕು. ಆ ‘ಸಾಕು’ವಿನಿಂದ ಒಂದು ಗೇಣೂ ಮೇಲೆ ಹೋಗಬಾರದು. ಚಾವಣಿ ತಗ್ಗಿರುವ ಸಣ್ಣ ಕೋಣೆಯಲ್ಲಿ ಶಾಟ್‌ಗನ್‌ಗಿಂತ ಹೈಪರ್‌ಕಾರ್ಡಿಯಾಯ್ಡ್ ಜಾತಿಯ, ಅಂದರೆ ಮುಖ್ಯವಾಗಿ ಎದುರಿನ ಸದ್ದನ್ನೇ ಹಿಡಿಯುವ ಗಿಡ್ಡ ಮೈಕು ಮೇಲು. ದಿನದ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ.

ಧ್ವನಿಯನ್ನು ಬೇರೆಯಾಗಿ ಹಿಡಿಯುವ ರೆಕಾರ್ಡರ್‌ನಲ್ಲಿ 48 ಕಿಲೋಹರ್ಟ್ಸ್, 24 ಬಿಟ್. ಧ್ವನಿಯ ಮಟ್ಟವನ್ನು ತಾನೇ ಏರಿಳಿಸುವ ಆಟೊ ಲೆವೆಲ್ ಕಡ್ಡಾಯವಾಗಿ ಬಂದ್. ಇಲ್ಲವಾದರೆ ಮಾತು ನಿಂತಾಗಲೆಲ್ಲ ಹಿನ್ನೆಲೆಯ ಗುಂಯ್‌ಗುಟ್ಟುವಿಕೆ ಮೇಲೆದ್ದು ಬರುತ್ತದೆ. ಜೋರು ಮಾತಿಗೆ ಮುಳ್ಳು ಮೈನಸ್ 12 ಡೆಸಿಬಲ್ ಸುತ್ತ ಇರಲಿ, ಸೊನ್ನೆ ಮುಟ್ಟಬಾರದು. 32 ಬಿಟ್ ಫ್ಲೋಟ್ ರೆಕಾರ್ಡರ್ ಬಂದ ಮೇಲೆ ಲೆವೆಲ್ ನೋಡುವುದೇ ಬೇಡವೆಂಬ ಮಾತಿದೆ. ಚೀರಾಟ ಒಡೆಯದಂತೆ ಅದು ಕಾಪಾಡೀತು, ಮಾರ್ದನಿಯನ್ನು ತೆಗೆಯದು. ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿದ ಒಬ್ಬರಾದರೂ ಸೆಟ್ಟಿನಲ್ಲಿರಬೇಕು. ‘ವಿಮಾನ, ಇನ್ನೊಂದು ಟೇಕ್’ ಎನ್ನುವ ಅಧಿಕಾರ ಅವರಿಗಿರಲಿ.

ಕಾಲರ್ ಮೈಕನ್ನು ಆಧಾರವಾಗಿ ಮಾತ್ರ ಇಟ್ಟುಕೊಳ್ಳಿ. ರೇಷ್ಮೆ ಸೀರೆ, ಗಂಜಿ ಹಾಕಿದ ಜುಬ್ಬಾ ಸರಸರ ಎನ್ನುತ್ತವೆ, ತಾಳಿ ಬಡಿಯುತ್ತದೆ. ಬಟ್ಟೆಯೊಳಗೆ ಮೆಡಿಕಲ್ ಟೇಪಿನಿಂದ ಅಂಟಿಸಿ, ವೈರಿಗೆ ಒಂದು ಸಡಿಲ ಸುತ್ತು ಬಿಡಿ. ಅಗ್ಗದ ವೈರ್‌ಲೆಸ್ ಸೆಟ್ಟುಗಳು ವೈಫೈ ದಟ್ಟಣೆಯಲ್ಲಿ ಮಧ್ಯೆ ಮಧ್ಯೆ ಕಡಿಯುತ್ತವೆ. ಟ್ರಾನ್ಸ್‌ಮಿಟರಿನಲ್ಲೇ ರೆಕಾರ್ಡ್ ಆಗುವ ಸೌಲಭ್ಯವಿದ್ದರೆ ಅದನ್ನು ಆನ್ ಮಾಡಿಡಿ.

ಪ್ರತಿ ಟೇಕಿಗೂ ದೃಶ್ಯ, ಶಾಟ್, ಟೇಕ್ ಸಂಖ್ಯೆ ಕೂಗಿ ಫ್ರೇಮಿನೊಳಗೆ ಒಂದು ಚಪ್ಪಾಳೆ; ಎಡಿಟ್‌ನಲ್ಲಿ ಚಿತ್ರಕ್ಕೆ ಧ್ವನಿ ಕೂಡಿಸುವ ಗುರುತು ಅದೇ. ಕ್ಲ್ಯಾಪ್ ಬೋರ್ಡ್ ಇಲ್ಲದಿದ್ದರೂ ನಡೆಯುತ್ತದೆ. ಕ್ಲೋಸಪ್ ತೆಗೆಯುವಾಗ ಎದುರಿನವರ ಮಾತು ಇವರ ಮಾತಿನ ಮೇಲೆ ಬೀಳದಿರಲಿ, ಬಿದ್ದರೆ ಕತ್ತರಿಸಲಾಗದು. ಚಹಾ ಅಂಗಡಿಯ ರೇಡಿಯೊ ಹಾಡನ್ನೂ ನಿಲ್ಲಿಸಲು ಕೇಳಿಕೊಳ್ಳಿ: ಹಕ್ಕಿನ ತಕರಾರು ಒಂದು, ಮಾತಿಗೆ ಕತ್ತರಿ ಹಾಕಿದಲ್ಲೆಲ್ಲ ಹಾಡೂ ಎಗರುವುದು ಇನ್ನೊಂದು. ದೃಶ್ಯ ಮುಗಿದ ಕೂಡಲೇ ಕ್ಯಾಮೆರಾ ನಿಲ್ಲಿಸಿ, ಅನುಮಾನದ ಸಾಲುಗಳನ್ನು ಅಲ್ಲೇ ಹೇಳಿಸಿ ಹಿಡಿಯಿರಿ. ಕೊನೆಗೆ ಒಂದು ನಿಮಿಷ ಎಲ್ಲರೂ ನಿಂತಲ್ಲೇ ನಿಲ್ಲಬೇಕು, ಕೋಣೆಯ ಖಾಲಿ ಸದ್ದು ರೆಕಾರ್ಡ್ ಆಗಬೇಕು. ಊಟಕ್ಕೆ ಹೊರಟ ತಂಡಕ್ಕೆ ಇದು ಕಿರಿಕಿರಿ. ಆದರೆ ಎಡಿಟ್‌ನಲ್ಲಿ ಮಾತಿನ ನಡುವಿನ ತೂತು ಮುಚ್ಚುವುದು ಅದೊಂದೇ.

ಆಮೇಲೆ

ಕ್ಯಾಮೆರಾ 100 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 100 ಮೆಗಾಬಿಟ್) ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ; 90 ನಿಮಿಷದ ಚಿತ್ರಕ್ಕೆ ಎಂಟು ಪಟ್ಟು ತೆಗೆದರೆ 540 ಜಿಬಿ. 1 ಟಿಬಿಯ ಎರಡು ಡಿಸ್ಕ್ ಕೊಳ್ಳಿ, ಬೇರೆ ಬೇರೆ ಮನೆಯಲ್ಲಿಡಿ. ಎರಡರಲ್ಲೂ ತೆರೆದು ನೋಡದೆ ಕಾರ್ಡ್ ಅಳಿಸಬೇಡಿ. ಅರ್ಧ ಬೆಲೆಯ ಮೆಮೊರಿ ಕಾರ್ಡ್‌ಗಳಲ್ಲಿ ನಕಲಿ ಬಹಳ. ಪೂರ್ತಿ ತುಂಬಿಸಿ, ವಾಪಸ್ ತೆಗೆದು ಪರೀಕ್ಷಿಸಿದ ಮೇಲೆಯೇ ಸೆಟ್ಟಿಗೆ ಒಯ್ಯಿರಿ.

ಎಡಿಟಿಂಗ್, ಬಣ್ಣ, ಮಿಕ್ಸಿಂಗ್ ಮೂರಕ್ಕೂ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಸಾಕು. ಲ್ಯಾಪ್‌ಟಾಪ್ ತಿಣುಕಿದರೆ ಪ್ರಾಕ್ಸಿ, ಅಂದರೆ ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ಪ್ರತಿ, ಮಾಡಿಕೊಳ್ಳಿ. ಸೆನ್ಸಾರ್ ಅರ್ಜಿ ಇ-ಸಿನೆಪ್ರಮಾಣ್ ಪೋರ್ಟಲ್‌ನಲ್ಲಿ. ಬಿಡುಗಡೆಯ ದಿನ ಗೊತ್ತುಮಾಡುವ ಮೊದಲೇ ಹಾಕಿ. ಚಿತ್ರಮಂದಿರದ ಪ್ರೊಜೆಕ್ಟರಿಗೆ ಬೇಕಾದ ಡಿಜಿಟಲ್ ಪ್ರತಿಯಾದ ಡಿಸಿಪಿಯನ್ನು ಡಿಸಿಪಿ-ಒ-ಮ್ಯಾಟಿಕ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೇ ಮಾಡಬಹುದು. ಐದು ಚಾನೆಲ್ ಮತ್ತು ಒಂದು ಸಬ್‌ವೂಫರ್‌ನ ಧ್ವನಿವ್ಯವಸ್ಥೆಯಾದ 5.1ರಲ್ಲಿ ಸಂಭಾಷಣೆ ಮಧ್ಯದ ಚಾನೆಲ್‌ನಲ್ಲಿರಬೇಕು. ಬೆಳಗಿನ ಆಟಕ್ಕೆ ಮೊದಲು ಮ್ಯಾನೇಜರನ್ನು ಕೇಳಿಕೊಂಡು ಹತ್ತು ನಿಮಿಷ ಹಾಕಿಸಿ, ಕೊನೆಯ ಸಾಲಿನಲ್ಲೂ ಮೂಲೆಯ ಸೀಟಿನಲ್ಲೂ ಕೂತು ಕೇಳಿ. ಮಾತು ಅಲ್ಲಿ ಕುಗ್ಗಿದರೆ ಸಂಗೀತವನ್ನು ಇಳಿಸಿ, ಮಾತನ್ನು ಏರಿಸಲು ಹೋಗಬೇಡಿ.