ಮನೆಯಲ್ಲೇ ರಿಬ್ಬನ್ ಪದಕ: ಮೊದಲು ಪಿನ್ನು ನೋಡಿ

ಮಕ್ಕಳ ಸ್ಪರ್ಧೆಗೆ ಪದಕ ಮಾಡುವವರು ಬಿಲ್ಲೆಯ ಅಂದಕ್ಕಿಂತ ಮೊದಲು ಅದನ್ನು ಅಂಗಿಗೆ ಸಿಕ್ಕಿಸುವ ಪಿನ್ನಿನ ಬಗ್ಗೆ ಯೋಚಿಸಬೇಕು. ಸೈನಿಕ ಪದಕಗಳ ರಿಬ್ಬನ್ ಸಾಮಾನ್ಯವಾಗಿ 32 ಮಿಲಿಮೀಟರ್ ಅಗಲವಿರುತ್ತದೆ. ಚಿಕ್ಕಪೇಟೆಯ ಅಂಗಡಿಗಳಲ್ಲಿ ಅದಕ್ಕೆ ಹತ್ತಿರದ ಅಗಲದ, ಅಡ್ಡಗೆರೆ ನೇಯ್ಗೆಯ ದಪ್ಪ ರಿಬ್ಬನ್ನನ್ನೇ ಕೇಳಿ ಕೊಳ್ಳಿರಿ, ಏಕೆಂದರೆ ತೆಳು ಸ್ಯಾಟಿನ್ ಭಾರಕ್ಕೆ ಸುಕ್ಕುಗಟ್ಟುತ್ತದೆ. ಬಿಲ್ಲೆಯನ್ನು ರಿಬ್ಬನ್ನಿಗೆ ಸೇರಿಸುವ ಪುಟ್ಟ ಲೋಹದ ಬಳೆಯನ್ನು ತೆರೆಯುವಾಗ ಎರಡು ಇಕ್ಕಳಗಳಿಂದ ಅದರ ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಬೇಕೇ ಹೊರತು ಅಕ್ಕಪಕ್ಕಕ್ಕೆ ಎಳೆದು ಅಗಲಿಸಬಾರದು. ಅಗಲಿಸಿದ ಬಳೆ ಮತ್ತೆ ದುಂಡಗೆ ಕೂಡುವುದಿಲ್ಲ. ಪಿನ್ನಿಗೆ ಅಂಟು ಸಾಲದು. ನಾನು ಅಂಟಿಸಿಕೊಟ್ಟಿದ್ದ ಪದಕವೊಂದು ವೇದಿಕೆಯ ಮೇಲೆಯೇ ಕಳಚಿ ಬಿದ್ದು, ಮಗುವಿನ ಮುಖ ಬಾಡಿದ್ದನ್ನು ಇನ್ನೂ ಮರೆತಿಲ್ಲ. ಹಿಂಬದಿಯಲ್ಲಿ ತೂತುಗಳೂ ತುದಿಯಲ್ಲಿ ಲಾಕೂ ಇರುವ ಬ್ರೂಚ್ ಪಿನ್ನನ್ನು ಆರಿಸಿ, ರಿಬ್ಬನ್ನಿನ ಮೇಲ್ಮಡಿಕೆಯ ಹಿಂಪದರಕ್ಕೆ ಮಾತ್ರ ಹೊಲಿದರೆ ದಾರ ಮುಂದೆ ಕಾಣುವುದಿಲ್ಲ.